ಒಂದು ಉಗುರು ಬೆಳೆಯುವಷ್ಟು ದಿನ

ಈ ಬುಧವಾರದ ಬೆಳಿಗ್ಗೆ ಎಲ್ಲ ಬೆಳಿಗ್ಗೆಗಳ ಹಾಗೆಯೇ ಶುರುವಾಯಿತು. ಐದೂವರೆಗೆ ಎದ್ದು, ಬಚ್ಚಲೊಲೆಗೆ ಬೆಂಕಿ ಹಾಕಿ, ಫಿಲ್ಟರಿಗೆ ಪುಡಿ ಸುರಿದೆ. ಕಾಫಿ ತೋಟದವರ ಮನೆಯಲ್ಲಿ ಘಮಘಮಿಸುವ ಕಾಫಿ ಸಿಗುತ್ತದೆಂದು ನೀವೆಲ್ಲ ನಂಬಿದ್ದೀರಿ. ನಂಬಿಕೊಂಡೇ ಇರಿ. ಒಳ್ಳೆಯ ಬೀಜವೆಲ್ಲ ಹಸನಾಗಿ ಮಾರಾಟವಾಗಲು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಗುತ್ತದೆ. ಒಡಕು, ಕಪ್ಪು, ಹುಳ ಮುಟ್ಟಿದ್ದು ನಮ್ಮ ಡಬ್ಬಿಗೆ ಬರುತ್ತದೆ. ಮದುವೆಯಾಗಿ ಈ ಮನೆಗೆ ಬಂದ ಇಪ್ಪತ್ತೆರಡು ವರ್ಷದಿಂದ ಅದನ್ನೇ ಕುಡಿದೂ ಕುಡಿದೂ, ಈಗ ಯಾರಾದರೂ ಒಳ್ಳೆಯ ಕಾಫಿ ಕೊಟ್ಟರೆ ಏನೋ ಕಡಿಮೆಯಾದಂತೆ ಅನಿಸುತ್ತದೆ.

ಏಳೂವರೆಗೆ ಗೋಣಿಬೀಡಿನ ಕಡೆಯಿಂದ ಕೊಯ್ಲಿನವರ ಜೀಪು ಬಂತು. ಸೊಂಟದ ಬೀಗದಕೈ ಗೊಂಚಲು ತೆಗೆದು ಗೋದಾಮು ತೆರೆದು, ಚೀಲಗಳನ್ನು ಹೊರಗೆ ಹಾಕಿದೆ. ಬೇಲಿಯಾಚೆಯಿಂದ ಪಕ್ಕದ ಮನೆ ಜಯಕ್ಕ, "ನಿಮ್ಮ ಜನ ಬಂದ್ರಾ? ನಮ್ಮವ್ರು ಇನ್ನೂ ಇಲ್ಲ ನೋಡಿ!" ಎಂದು ಕೂಗಿದರು. ಕಳೆದ ತಿಂಗಳು ಕಣದ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡು, ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಒಂದು ವಾರ ಮಲಗಿ ಬಂದ ಮೇಲೆ ಜಯಕ್ಕನ ಬಾಯಿ ಎರಡು ಕೈಯ ಕೆಲಸವನ್ನೂ ಮಾಡುತ್ತಿದೆ. ಮೊನ್ನೆ ಸೋಮವಾರವಷ್ಟೇ ಪ್ಲಾಸ್ಟರ್ ಬಿಚ್ಚಿದ್ದಾರೆ.

ಕೊಯ್ಲಿನವರು ತೋಟಕ್ಕೆ ಇಳಿದ ಮೇಲೆ ಅತ್ತೆಯವರನ್ನು ಕಣದ ಅಂಚಿಗೆ, ಮೊದಲ ಬಿಸಿಲು ಬೀಳುವ ಜಾಗಕ್ಕೆ, ಕುರ್ಚಿ ಹಾಕಿ ಕೂರಿಸಿದೆ. ಪಕ್ಕದಲ್ಲಿ ಎಲೆಯಡಿಕೆ ತಟ್ಟೆ ಇಟ್ಟೆ. ವರ್ಷದಿಂದೀಚೆಗೆ ಅವರ ಕೈ ನಡುಗುತ್ತದೆ. ಶಾಲು ಹೊದಿಸುವಾಗ ಅವರ ತೋರುಬೆರಳಿನ ಉಗುರು ನೂಲಿಗೆ ಸಿಕ್ಕಿ, ಒಂದೆಳೆ ಗೇಣುದ್ದ ಎದ್ದು ಬಂತು. ಅದು ಮಾವನವರು ತಂದುಕೊಟ್ಟ ಶಾಲು. ಅತ್ತೆ ಆ ಎಳೆಯನ್ನೇ ನೋಡುತ್ತ ಕೂತರು.

"ಉಗುರು ಎಷ್ಟು ಬೆಳೆದಿದೆ ನೋಡಿ ಅತ್ತೆ. ಕೊಡಿ ಇಲ್ಲಿ, ಎರಡು ನಿಮಿಷ."

"ಇವತ್ತು ಬುಧವಾರ."

"ಬುಧವಾರಕ್ಕೇನಾಗಿದೆ?"

"ನಿನ್ನ ಗಂಡ ಹುಟ್ಟಿದ ವಾರ. ಹೆತ್ತವಳು ಉಗುರು ತೆಗೀಬಾರ್ದು."

ಸೋಮವಾರ ಈಶ್ವರನದು. ಮಂಗಳವಾರ, ಶುಕ್ರವಾರ ದೇವಿಯದು; ಕೇಳುವುದೇ ಬೇಡ. ಗುರುವಾರ ಗುರುಗಳದು, ಶನಿವಾರ ಶನಿಯದು, ಭಾನುವಾರ ಮಾವನವರು ತೀರಿಕೊಂಡ ವಾರ. ಈ ಲೆಕ್ಕಾಚಾರ ಎರಡು ತಿಂಗಳಿಂದೀಚೆಗೆ ಹೊಸದಾಗಿ ಶುರುವಾದದ್ದು. ಅದಕ್ಕೂ ಮೊದಲು ನಮ್ಮ ಅತ್ತೆ ಮಂಗಳವಾರವೊಂದು ಬಿಟ್ಟು ಯಾವಾಗ ಬೇಕಾದರೂ ಉಗುರು ತೆಗೆದುಕೊಳ್ಳುತ್ತಿದ್ದರು.

"ಹಂಗಾದ್ರೆ ತೆಗೆಯೋದು ಯಾವತ್ತು ಅತ್ತೆ?"

"ನಿಮ್ಮ ಕಾನ್ವೆಂಟಲ್ಲಿ ಎಂಟನೇ ವಾರ ಅಂತ ಒಂದಿದ್ರೆ, ಅವತ್ತು ತೆಗಿ."

ನಾನು ಕಾನ್ವೆಂಟಿನಲ್ಲಿ ಓದಿದವಳೆಂಬುದು ಈ ಮನೆಯಲ್ಲಿ ಉಪ್ಪಿನಕಾಯಿಯ ಹಾಗೆ. ಯಾವ ಊಟಕ್ಕೂ ಬಡಿಸಬಹುದು. ನಗುತ್ತ ಕೈ ಹಿಂದಕ್ಕೆ ತೆಗೆದುಕೊಂಡೆ. ಕೈಯಲ್ಲಿ ಬೀಗದಕೈ ಗೊಂಚಲಿತ್ತು. ಗೊಂಚಲಿನಲ್ಲಿ ಗೋದಾಮಿನ ಕೈ, ಬೀರುವಿನ ಕೈ, ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಎರಡು ಕೈ, ಇವೆಲ್ಲದರ ನಡುವೆ ಒಂದು ಹಳೆಯ ನೇಲ್ ಕಟರ್. ಕೀಲಿನ ಹತ್ತಿರ ತುಕ್ಕು ಬಂದಿದೆ. ಹಿಡಿಗೆ ಗುಲಾಬಿ ಬಣ್ಣದ ನೂಲು ನಾಲ್ಕು ಸುತ್ತು ಸುತ್ತಿದೆ. ಗುಲಾಬಿಯೆಂದು ನನಗೆ ಗೊತ್ತಿರುವುದರಿಂದ ಹೇಳುತ್ತಿದ್ದೇನೆ, ನೀವು ನೋಡಿದರೆ ಮಣ್ಣು ಬಣ್ಣ ಅನ್ನುತ್ತೀರಿ.

ಅದು ಹಿಲ್ಡಾಳದು.

ಹಿಲ್ಡಾಳ ವಿಷಯಕ್ಕೆ ಬರುವ ಮುಂಚೆ ನನ್ನ ಉಗುರಿನ ಪಾಂಡಿತ್ಯವನ್ನು ಸ್ವಲ್ಪ ಹೇಳಿಬಿಡಬೇಕು. ಕಾನ್ವೆಂಟಿನಲ್ಲಿ ನಾಲ್ಕರಿಂದ ಏಳನೇ ಕ್ಲಾಸಿನವರೆಗೆ ನಾನು ನೇಲ್ಸ್ ಲೀಡರ್. ಸೋಮವಾರ ಅಸೆಂಬ್ಲಿ ಮುಗಿದ ಮೇಲೆ ಎಲ್ಲರೂ ಸಾಲಾಗಿ ನಿಂತು ಎರಡೂ ಕೈ ಮುಂದೆ ಚಾಚಬೇಕು. ನಾನು ಸ್ಕೇಲು ಹಿಡಿದು, ಹೊಡೆಯಲಿಕ್ಕಲ್ಲ, ತೋರಿಸಲಿಕ್ಕೆ, ಒಬ್ಬೊಬ್ಬರ ಮುಂದೆ ನಿಂತು, "ದಿಸ್ ಒನ್, ದಿಸ್ ಒನ್" ಎನ್ನುತ್ತ ಹೋಗುತ್ತಿದ್ದೆ. ಕೊಯ್ಲಿನ ಕಾಲದಲ್ಲಿ ಎಸ್ಟೇಟಿನ ಆಳುಗಳ ಲೈನ್ ಮನೆಯ ಮಕ್ಕಳ ಉಗುರು ಕಾಫಿ ಹಣ್ಣಿನ ಅಂಟಿನಿಂದ ಕಪ್ಪಾಗಿರುತ್ತಿತ್ತು. ಅವರು ಬೆಳಿಗ್ಗೆ ಎರಡು ಸಾಲು ಕೊಯ್ದು ಶಾಲೆಗೆ ಬಂದಿರುತ್ತಾರೆಂದು ನನಗೆ ಗೊತ್ತಿತ್ತು. ಆದರೂ ಸ್ಕೇಲು ಅಲ್ಲೇ ನಿಲ್ಲುತ್ತಿತ್ತು. ಸಿಸ್ಟರ್ ಮಾತ್ರ ಅವರನ್ನು ಬೈಯುತ್ತಿರಲಿಲ್ಲ. ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ತಾವೇ ತಿಕ್ಕಿ ತೊಳೆಯುತ್ತಿದ್ದರು. ಅದನ್ನು ನೋಡಿ ನನಗೆ, ನಾನು ಕಷ್ಟಪಟ್ಟು ಹಿಡಿದುಕೊಟ್ಟ ಕಳ್ಳರನ್ನು ಪೊಲೀಸರು ಕಾಫಿ ಕೊಟ್ಟು ಕಳಿಸಿದಂತೆ ಅನಿಸುತ್ತಿತ್ತು. ಪ್ರಾರ್ಥನೆಯ ಹಾಲಿನಲ್ಲಿ ಕೈಯೆತ್ತಿ ನಿಂತ ಯೇಸುಸ್ವಾಮಿಯ ಪಟವಿತ್ತು. ಅದನ್ನು ಹತ್ತು ವರ್ಷ ನೋಡಿ ನಾನು ಕಲಿತದ್ದು, ಅವರ ಉಗುರು ಬಹಳ ಸ್ವಚ್ಛವಾಗಿದೆ ಎಂಬುದನ್ನು.

ಇಂಥ ಪಂಡಿತೆ ಎಂ.ಎ. ಓದಲು ಘಟ್ಟದ ಕೆಳಗಿನ ವಿಶ್ವವಿದ್ಯಾಲಯಕ್ಕೆ ಹೊರಟಳು. ಅಪ್ಪ ಮೂಡಿಗೆರೆಯಿಂದ ಕೊಟ್ಟಿಗೆಹಾರದವರೆಗೆ ಬಂದು ಬಸ್ಸು ಹತ್ತಿಸಿದರು. ಚಾರ್ಮಾಡಿ ಇಳಿಯುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದ ಒಬ್ಬಳು ಹುಡುಗಿ, ಕೇಳುವ ಮೊದಲೇ ಎದ್ದು, "ನೀನಿಲ್ಲಿ ಕೂತ್ಕೋ. ಮುಖ ನೋಡಿದ್ರೇ ಗೊತ್ತಾಗ್ತದೆ, ನಾಲ್ಕನೇ ತಿರುವಲ್ಲಿ ವಾಂತಿ ಮಾಡ್ತಿ" ಎಂದಳು. ಮೂರನೇ ತಿರುವಿನಲ್ಲೇ ಮಾಡಿದೆ.

"ಯಾವ ಎಸ್ಟೇಟು ನಿಮ್ದು?" ನನ್ನ ಬೆನ್ನು ಸವರುತ್ತ ಕೇಳಿದಳು.

"ಮೂಡಿಗೆರೆ ಹತ್ರ. ನಿಮ್ದು?"

"ಕಳಸ. ಎಸ್ಟೇಟು ನಮ್ದಲ್ಲ ಮಾರಾಯ್ತಿ, ಅಪ್ಪ ಅಲ್ಲಿ ರೈಟರು. ಆಳುಗಳ ಹಾಜರಿ ಬರೀತಾರೆ."

ಆಶ್ಚರ್ಯವೆಂದರೆ ಹಾಸ್ಟೆಲಿನಲ್ಲೂ ನಮಗಿಬ್ಬರಿಗೆ ಒಂದೇ ರೂಮು ಬಂತು. ಅವಳ ಮಂಚದ ತಲೆದೆಸೆಯಲ್ಲಿ ಜಪಸರವೊಂದು ಮೊಳೆಗೆ ನೇತಾಡುತ್ತಿತ್ತು, ನನ್ನ ಮೇಜಿನ ಮೇಲೆ ಮನೆಯಿಂದ ತಂದ ಕಾಫಿಪುಡಿಯ ಡಬ್ಬಿ. ಘಟ್ಟದ ಕೆಳಗಿನ ಸೆಕೆಗೆ ಇಬ್ಬರೂ ಬೆವರುತ್ತ, ನಮ್ಮ ಘಟ್ಟದ ಚಳಿಯನ್ನು ಊರಿನ ನೆಂಟರನ್ನು ನೆನೆಸಿದಂತೆ ನೆನೆಸುತ್ತಿದ್ದೆವು. ಒಂದೇ ಬಕೆಟ್ ನೀರಿದ್ದರೆ ಅವಳು ಮೊದಲು ನನ್ನನ್ನು ಕಳಿಸುವಳು. ಜ್ವರ ಬಂದವರ ಗಂಜಿ ನಮ್ಮ ರೂಮಿನ ಸೀಮೆಎಣ್ಣೆ ಸ್ಟವ್ವಿನ ಮೇಲೆ ಬೇಯುವುದು. ರಜೆಗೆ ಹೋದಾಗ ಊರಿನಲ್ಲಿ, "ಅವರ ಜೊತೆ ಹುಷಾರು, ನಿಧಾನಕ್ಕೆ ತಮ್ಮ ಕಡೆ ಎಳ್ಕೋತಾರೆ" ಎಂದು ಒಬ್ಬರು ಹಿತವಚನ ಹೇಳಿದ್ದರು. ನಾನು ಕಾದೆ. ಎರಡು ವರ್ಷದಲ್ಲಿ ಒಂದು ದಿನವೂ ಹಿಲ್ಡಾ ನನ್ನನ್ನು ಚರ್ಚಿಗೆ ಕರೆಯಲಿಲ್ಲ. ಒಳಗೊಳಗೇ ನನಗೆ ಸ್ವಲ್ಪ ಅವಮಾನವೇ ಆಯಿತೆನ್ನಿ.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದವಳು ತಿಂಡಿ ತಿಂದು ಮತ್ತೆ ಹೊರಡುತ್ತಿದ್ದಳು. ಅವಳ ಜೊತೆ ಬೇರೆ ಬೇರೆ ವಿಭಾಗದ ನಾಲ್ಕು ಹುಡುಗಿಯರು. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಐದು ನೇಲ್ ಕಟರ್, ಎರಡು ಬಾಚಣಿಗೆ, ಕೊಬ್ಬರಿ ಎಣ್ಣೆ ಸೀಸೆ, ಹಳೆಯ ಟವೆಲು. ಪೇಟೆಯ ದೊಡ್ಡ ಆಸ್ಪತ್ರೆಗೆ ಹೋಗಿ, ನೋಡಿಕೊಳ್ಳಲು ಯಾರೂ ಇಲ್ಲದ ರೋಗಿಗಳ ತಲೆ ಬಾಚಿ, ಕೈಕಾಲಿನ ಉಗುರು ತೆಗೆದು ಬರುತ್ತಿದ್ದರು.

"ಅಷ್ಟು ದೂರ ಹೋಗಿ ಉಗುರು ತೆಗೆಯೋದಾ?" ಎಂದು ನಾನು ನಕ್ಕಿದ್ದೆ. "ಬೈಬಲ್ಲಾದ್ರೂ ಓದಿ ಹೇಳ್ಬಾರ್ದಾ?"

"ಬೈಬಲ್ ಓದಿ ಹೇಳಕ್ಕೆ ಫಾದರ್ ಇದಾರೆ, ಇಂಜೆಕ್ಷನ್ ಕೊಡಕ್ಕೆ ನರ್ಸ್ ಇದಾರೆ. ಉಗುರು ತೆಗೆಯಕ್ಕೆ ಯಾರಿದಾರೆ ಹೇಳು?"

"ಇದನ್ನ ಮಾಡಿದ್ರೆ ನಿಮ್ಗೆ ಸ್ವರ್ಗ ಸಿಗುತ್ತಾ?"

"ಸ್ವರ್ಗದ್ದು ಗೊತ್ತಿಲ್ಲ ಮಾರಾಯ್ತಿ. ಆ ಅಜ್ಜಿ ಇವತ್ತು ಮೈ ಕೆರ್ಕೊಂಡ್ರೆ ಗಾಯ ಆಗಲ್ಲ. ಅಷ್ಟಕ್ಕೆ ನಾನು ಗ್ಯಾರಂಟಿ."

ಮೊದಲ ವರ್ಷದ ಕೊನೆಗೆ, ತಪಸ್ಸಿನ ಕಾಲ ಬಂತು. ಈಸ್ಟರಿಗೆ ಮುಂಚಿನ ನಲವತ್ತು ದಿನ ಅವರು ಏನಾದರೊಂದು ಇಷ್ಟದ್ದನ್ನು ಬಿಡುತ್ತಾರೆ. ಹಿಲ್ಡಾ ಕಾಫಿ ಬಿಟ್ಟಳು. ಕಾಫಿ ಸೀಮೆಯವಳು ಕಾಫಿ ಬಿಡುವುದೆಂದರೆ ಸುಮ್ಮನಲ್ಲ. ನಾನು ಎದುರಿಗೆ ಕೂತು ಕುಡಿಯುವಾಗ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಅದನ್ನು ಕಂಡು ನನಗೂ ಏನಾದರೂ ಮಾಡಬೇಕೆಂಬ ಹುರುಪು ಬಂತು. ಕಾಫಿ ಬಿಡುವಷ್ಟಲ್ಲ. "ಈ ಭಾನುವಾರ ನಾನೂ ಬರ್ತೀನಿ" ಎಂದೆ. ನೇಲ್ಸ್ ಲೀಡರ್ ಆಗಿದ್ದವಳಿಗೆ ಬೇರೆ ತರಬೇತಿ ಏಕೆ?

ಹೆಂಗಸರ ವಾರ್ಡಿನಲ್ಲಿ ನನಗೆ ಸಿಕ್ಕಿದವಳು ಗುಲಾಬಿ ಅಕ್ಕ. ಐವತ್ತರ ಹತ್ತಿರದ ಹೆಂಗಸು. ಹೊಟ್ಟೆಯ ಆಪರೇಷನ್ನಾಗಿ ಔಷಧಿಯ ಮಂಪರಿನಲ್ಲಿದ್ದಳು. ನಾನು ಅವಳ ಕೈಯನ್ನು ಟವೆಲಿನ ಮೇಲಿಟ್ಟುಕೊಂಡು, ಬಹಳ ಕಾಲದ ಮೇಲೆ ನನ್ನ ಹಳೆಯ ಅಧಿಕಾರ ಮರಳಿ ಬಂದಂತೆ, ಒಂದೊಂದೇ ಉಗುರನ್ನು ನೀಟಾಗಿ ತೆಗೆದೆ. ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಚೂಪಾಗಿ, ಗಟ್ಟಿಯಾಗಿ, ಉಳಿದವುಗಳ ಎರಡರಷ್ಟು ಉದ್ದ ಬೆಳೆದಿತ್ತು. ದಿಸ್ ಒನ್, ಅಂದುಕೊಂಡೆ. ಅದನ್ನು ಕತ್ತರಿಸಲು ಎರಡು ಸಲ ಒತ್ತಬೇಕಾಯಿತು. ಟಕ್ ಎಂದು ಹಾರಿ ಕಬ್ಬಿಣದ ಮಂಚಕ್ಕೆ ಬಡಿಯಿತು.

ಆ ಸದ್ದಿಗೆ ಗುಲಾಬಿ ಅಕ್ಕ ಕಣ್ಣು ಬಿಟ್ಟಳು. ಹೆಬ್ಬೆರಳನ್ನು ಕಣ್ಣೆದುರು ಹಿಡಿದು ನೋಡಿದಳು.

"ಎಂತ ಮಾಡಿದ್ದು ನೀನು? ಅಯ್ಯೋ, ಎಂತ ಮಾಡಿದ್ದು?"

ನನಗೆ ಅರ್ಥವಾಗಲಿಲ್ಲ. ಅವಳು ಅಳತೊಡಗಿದಳು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ಜೋರಾಗಿ ಅಳಲೂ ಆಗದೆ ಅಳುತ್ತಿದ್ದಳು. ಪಕ್ಕದ ಮಂಚದವಳು ಹೇಳಿದಳು: "ಅವಳು ಬೀಡಿ ಕಟ್ಟುವವಳಲ್ವಾ? ಆ ಉಗುರಿಲ್ಲದೆ ಎಂತ ಕಟ್ಟುದು ಅವಳು?"

ಬೀಡಿ ಸುತ್ತಿದ ಮೇಲೆ ಎಲೆಯ ತುದಿಯನ್ನು ಒಳಕ್ಕೆ ಮಡಚಿ ಒತ್ತಬೇಕಂತೆ. ಕೆಲವರು ಅದಕ್ಕೆ ತಗಡಿನ ಚೂರು ಇಟ್ಟುಕೊಳ್ಳುತ್ತಾರೆ. ಗುಲಾಬಿ ಅಕ್ಕ ಹನ್ನೆರಡನೇ ವಯಸ್ಸಿನಿಂದ ಹೆಬ್ಬೆರಳಿನ ಉಗುರಿನಿಂದಲೇ ಮಡಚಿದವಳು. ತಗಡು ಅವಳ ಕೈಗೆ ಒಗ್ಗದು. ನಾನು ಸೇವೆಯೆಂದು ಕತ್ತರಿಸಿ ಎಸೆದದ್ದು ಅವಳ ಕೆಲಸದ ಹತಾರ.

ಅಷ್ಟರಲ್ಲಿ ಹಿಲ್ಡಾ ಬಂದಳು. ನೆಲದ ಮೇಲೆ ಬಿದ್ದಿದ್ದ ಉಗುರಿನ ಚೂರನ್ನು ನೋಡಿದಳು, ನನ್ನನ್ನು ನೋಡಿದಳು. ಗುಲಾಬಿ ಅಕ್ಕನ ಮಂಚದ ಪಕ್ಕ ಮೊಣಕಾಲೂರಿ ಕೂತು, "ತಪ್ಪು ನಂದು ಅಕ್ಕ. ಕೇಳ್ಬೇಕು ಅಂತ ನಾನು ಇವಳಿಗೆ ಹೇಳಿಕೊಟ್ಟಿರ್ಲಿಲ್ಲ" ಎಂದಳು.

ಆಗ ನನಗೆ ಗೊತ್ತಾಯಿತು: ಆ ಐವರು ಯಾರ ಕೈ ಹಿಡಿದರೂ ಮೊದಲು ಕೇಳುವುದು ಒಂದೇ ಮಾತು. "ಯಾವುದನ್ನ ಬಿಡ್ಲಿ?" ಒಬ್ಬಳು ಮೀನು ಶುಚಿ ಮಾಡಲು ಒಂದು ಉಗುರು ಬಿಟ್ಟುಕೊಂಡಿರುತ್ತಾಳೆ, ಇನ್ನೊಬ್ಬಳು ಹೂ ಕಟ್ಟಲು. ಒಬ್ಬ ಅಜ್ಜಿ ಏನೂ ಕಾರಣವಿಲ್ಲದೆ, ಚೆಂದಕ್ಕೆ, ಕಿರುಬೆರಳಿನದನ್ನು ಬಿಟ್ಟುಕೊಂಡಿದ್ದಳಂತೆ; ಅದನ್ನೂ ಬಿಟ್ಟು ಸುತ್ತ ಉಜ್ಜಿ ನುಣುಪು ಮಾಡಿ ಕೊಡುತ್ತಿದ್ದರು.

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಪರೀಕ್ಷೆ ಇದೆ ಎಂದೆ. ಅದರ ಮುಂದಿನ ಭಾನುವಾರ ತಲೆನೋವು. ಆಮೇಲೆ ಹಿಲ್ಡಾ ಕೇಳುವುದನ್ನೂ ಬಿಟ್ಟಳು, ನಾನು ಕಾರಣ ಹುಡುಕುವ ಕಷ್ಟವೂ ತಪ್ಪಿತು. ನಾಚಿಕೆಗೆ ಒಂದು ಗುಣವಿದೆ ನೋಡಿ: ಅದು ನಿಧಾನವಾಗಿ ಸಿಟ್ಟಿನ ವೇಷ ಹಾಕುತ್ತದೆ. ಒಂದು ಉಗುರಿಗೆ ಅಷ್ಟೊಂದು ರಂಪವೇ, ಮತ್ತೆ ಬೆಳೆಯುವುದಿಲ್ಲವೇ ಎಂದು ನಾನು ನನ್ನೊಳಗೇ ಗುಲಾಬಿ ಅಕ್ಕನ ಜೊತೆ ಜಗಳವಾಡಿ ಗೆದ್ದುಬಿಟ್ಟೆ.

ಆ ದಿನಗಳಲ್ಲೇ ಹಿಲ್ಡಾಳ ಕೈಯಿಂದ ಹೊಗೆಸೊಪ್ಪಿನ ವಾಸನೆ ಬರತೊಡಗಿತು. ಸಂಜೆ ಕ್ಲಾಸು ಮುಗಿದ ಮೇಲೆ ಎಲ್ಲಿಗೋ ಹೋಗಿ, ಗೇಟು ಹಾಕುವ ಹೊತ್ತಿಗೆ ಓಡಿ ಬರುತ್ತಿದ್ದಳು. ಹಾಸ್ಟೆಲಿನವರಿಗೆ ಇಷ್ಟು ಸಾಕಾಯಿತು. ಹಿಲ್ಡಾಳಿಗೊಬ್ಬ ಬೀಡಿ ಸೇದುವ ಪ್ರಿಯಕರನಿದ್ದಾನೆಂದು ಸುದ್ದಿ ಹಬ್ಬಿತು. ಲಾರಿ ಡ್ರೈವರಂತೆ, ಮೀಸೆ ಇದೆಯಂತೆ. ಊಟದ ಹಾಲಿನಲ್ಲಿ ಯಾರೋ ಬೀಡಿ ಸೇದುವಂತೆ ನಟಿಸಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿಲ್ಡಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದದ್ದು ಆಮೇಲೆ ಕಂಡಿತು.

ಇನ್ನೊಂದು ಮಾತು ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ. ಈಸ್ಟರ್ ಮುಗಿದ ಮೇಲೆ ಒಂದು ಸಂಜೆ, ಅಷ್ಟು ದಿನ ಕಾಫಿ ಬಿಟ್ಟಿದ್ದವಳು ಆಸೆಯಿಂದ ನನ್ನ ಪುಡಿ ಡಬ್ಬಿಗೆ ಕೈ ಹಾಕಿದಳು. "ಕೈ ತೊಳ್ಕೊಂಡು ಮುಟ್ಟೆ ಮಾರಾಯ್ತಿ, ಪುಡಿಗೆಲ್ಲ ಆ ವಾಸನೆ ಹತ್ತುತ್ತೆ" ಎಂದೆ. ಅವಳು ಡಬ್ಬಿ ಕೆಳಗಿಟ್ಟು ಹೋಗಿ ಕೈ ತೊಳೆದು ಬಂದಳು. ಮೂಸಿ ನೋಡಿ, ಮತ್ತೊಮ್ಮೆ ತೊಳೆಯಲು ಹೋದಳು. ಅವತ್ತು ಅವಳು ಕಾಫಿ ಕುಡಿಯಲಿಲ್ಲ.

ಆ ಉಗುರು ಕತ್ತರಿಸಿ ಸುಮಾರು ಹತ್ತು ವಾರವಾದ ಮೇಲೆ, ಶನಿವಾರ ಮಧ್ಯಾಹ್ನ, ಹಾಸ್ಟೆಲ್ ಗೇಟಿನಲ್ಲಿ ಯಾರೋ ಬಂದಿದ್ದಾರೆಂದು ವಾಚ್‌ಮನ್ ಕರೆದ. ಹಿಲ್ಡಾ ಲೈಬ್ರರಿಯಲ್ಲಿದ್ದಳು; ನಾನೇ ಹೋದೆ. ಗುಲಾಬಿ ಅಕ್ಕ ನಿಂತಿದ್ದಳು. ನನಗೆ ಓಡಿಹೋಗಬೇಕೆನಿಸಿತು. ಅವಳು ಮಾತ್ರ ನಗುತ್ತ ಬಲಗೈ ಹೆಬ್ಬೆರಳನ್ನು ನನ್ನ ಮುಖದೆದುರು ಎತ್ತಿ ಹಿಡಿದಳು.

"ನೋಡು, ಬಂತು! ಮೊದಲಿನ ಹಾಗೇ ಬಂತು. ಹಿಲ್ಡನಿಗೆ ಹೇಳು, ಸೋಮವಾರದಿಂದ ಬರುವುದು ಬೇಡ ಅಂತ."

"ಎಲ್ಲಿಗೆ?"

"ನನ್ನ ಮನೆಗೆ. ದಿನಾ ಸಂಜೆ ಬಂದು ಬೀಡಿ ತುದಿ ಮಡಚಿ ಕೊಡ್ತಿದ್ದಳಲ್ಲ. ಅವಳು ಬಾರದ ದಿನ ಆ ಬೇರೆ ಹುಡುಗಿಯರು. ಸುರುವಿಗೆ ಅವಳಿಗೆ ಎಂತದೂ ಬರುದಿಲ್ಲ, ಅರ್ಧ ಬೀಡಿ ಹರಿದು ಹಾಕಿದಳು!" ಅವಳು ನಕ್ಕು, ನನ್ನ ಕೈ ಹಿಡಿದುಕೊಂಡಳು. "ನೀನೇ ಕಳಿಸಿದ್ದು ಅಂತ ಹೇಳಿದಳು. ನಿನಗೆ ಓದ್ಲಿಕ್ಕೆ ಉಂಟಂತೆ, ಅದಕ್ಕೆ ನಿನ್ನ ಬದಲು ಅವಳು ಬರುದಂತೆ. ನಾನು ಅವತ್ತು ಸಿಟ್ಟಲ್ಲಿ ಎಂತೆಂತದೋ ಹೇಳಿದೆ ಮಗಾ. ಮನಸ್ಸಲ್ಲಿ ಇಟ್ಕೊಬೇಡ."

ಬಾಳೆಲೆಯಲ್ಲಿ ಕಟ್ಟಿದ ಎರಡು ಬನ್ಸ್ ಕೊಟ್ಟಳು. ಒಂದು ನನಗೆ, ಒಂದು ಅವಳಿಗೆ.

ನಾನು ಏನು ಹೇಳಬೇಕಾಗಿತ್ತು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಹೇಳಲಿಲ್ಲ. "ಆಯ್ತು ಅಕ್ಕ" ಎಂದೆ. ನನ್ನದಲ್ಲದ ಕೃತಜ್ಞತೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಮೆಟ್ಟಿಲು ಹತ್ತಿದೆ. ಹಿಲ್ಡಾ ಬಂದಾಗ, "ಯಾರೋ ಬಂದು ಇದನ್ನ ಕೊಟ್ಟು ಹೋದ್ರು. ಸೋಮವಾರದಿಂದ ಬರೋದು ಬೇಡ್ವಂತೆ" ಎಂದೆ. ಯಾರೋ! ಹಿಲ್ಡಾ ಒಂದು ಕ್ಷಣ ನನ್ನ ಮುಖ ನೋಡಿದಳು. "ಹೌದಾ? ಉಗುರು ಬಂತಂತಾ?" ಎಂದು ಕೇಳಿ, ನಾನು ಉತ್ತರ ಹೇಳುವ ಮುಂಚೆ ಒಂದು ಬನ್ಸ್ ನನ್ನ ಕೈಗಿಟ್ಟಳು. ತಿಂದೆ. ಚೆನ್ನಾಗಿತ್ತು; ಅದೇ ತೊಂದರೆ.

ಎರಡನೇ ವರ್ಷ ಪೂರ್ತಿ ನಾನು ಹೇಳಬೇಕು ಹೇಳಬೇಕು ಅಂದುಕೊಂಡೇ ಕಳೆದೆ. ಹಿಲ್ಡಾ ಮೊದಲಿನ ಹಾಗೇ ಇದ್ದಳು. ಮೊದಲಿನ ಹಾಗೇ ಬಕೆಟ್ಟು ನನಗೆ ಬಿಡುತ್ತಿದ್ದಳು. ಡಬ್ಬಿಯನ್ನು ಮಾತ್ರ ತಾನಾಗಿ ಮುಟ್ಟುತ್ತಿರಲಿಲ್ಲ. ನಾನು ಮಾಡಿ ಕೊಟ್ಟರೆ ಕುಡಿಯುತ್ತಿದ್ದಳು. ನಾನು ದಿನಾ ಮಾಡಿ ಕೊಟ್ಟೆ. ಕ್ಷಮಿಸು ಎನ್ನಲು ಬಾಯಿ ಬಾರದವರು ಕಾಫಿ ಮಾಡುತ್ತಾರೆ.

ಕೊನೆಯ ಪರೀಕ್ಷೆ ಮುಗಿಸಿ ಇಬ್ಬರೂ ಟ್ರಂಕು ಹೊತ್ತು ಘಟ್ಟ ಹತ್ತಿದೆವು. ಕೊಟ್ಟಿಗೆಹಾರದಲ್ಲಿ ದಾರಿ ಕವಲು: ಅವಳಿಗೆ ಕಳಸ, ನನಗೆ ಮೂಡಿಗೆರೆ. ಮಂಜು ಎಷ್ಟಿತ್ತೆಂದರೆ ಎದುರಿನ ಹೋಟೆಲಿನ ಬೋರ್ಡೂ ಕಾಣುತ್ತಿರಲಿಲ್ಲ. ನೀರುದೋಸೆ ತಿಂದು, ಬಸ್ಸಿಗೆ ಕಾಯುತ್ತ ಕೂತಾಗ ನಾನು ಮಾತು ಜೋಡಿಸಿಕೊಂಡೆ. "ಹಿಲ್ಡಾ, ಅವತ್ತು ಗೇಟಿನಲ್ಲಿ" ಎನ್ನುವವರೆಗೆ ಬಾಯಿಗೂ ಬಂತು. ಅಷ್ಟರಲ್ಲಿ ಮಂಜಿನೊಳಗಿಂದ ಕಳಸದ ಬಸ್ಸಿನ ಹಾರ್ನು ಕೇಳಿತು. ಅವಳು ಗಡಬಡಿಸಿ ಎದ್ದು, ಬ್ಯಾಗಿನಿಂದ ನೇಲ್ ಕಟರ್ ತೆಗೆದು ನನ್ನ ಕೈಗಿಟ್ಟಳು. ಹಿಡಿಗೆ ಗುಲಾಬಿ ಬಣ್ಣದ ನೂಲು ಸುತ್ತಿತ್ತು. ಬೀಡಿ ಕಟ್ಟುವ ನೂಲು.

"ನಿನ್ನ ಹತ್ರ ಇರ್ಲಿ."

"ನಿಂಗೆ?"

"ಇನ್ನೊಂದಿದೆ. ನೀನು ಮತ್ತೆ ಶುರು ಮಾಡ್ದಾಗ ಬೇಕಾಗ್ತದಲ್ಲ."

"ಪತ್ರ ಬರಿ" ಎಂದೆ. ಒಂದು ವರ್ಷ ಜೋಡಿಸಿದ ಮಾತುಗಳಲ್ಲಿ ಹೊರಗೆ ಬಂದದ್ದು ಅಷ್ಟೇ.

ಅವಳು ಬರೆದಳು, ಕ್ರಿಸ್ಮಸ್ಸಿಗೆ. ನಾನು ಉದ್ದದ ಉತ್ತರ ಬರೆಯಬೇಕೆಂದುಕೊಂಡು ಗಿಡ್ಡದ್ದನ್ನೂ ಬರೆಯಲಿಲ್ಲ. ಮದುವೆ ನಿಶ್ಚಯವಾದಾಗ ಕಳುಹಿಸಿದ ಲಗ್ನಪತ್ರಿಕೆ ವಾಪಸು ಬಂತು. ಅವಳ ಅಪ್ಪ ಆ ಎಸ್ಟೇಟು ಬಿಟ್ಟಿದ್ದರು. ರೈಟರ ಮನೆ ಎಸ್ಟೇಟಿನದು. ಕೆಲಸ ಬಿಟ್ಟ ಮೇಲೆ ವಿಳಾಸವೂ ಹೋಗುತ್ತದೆ. ಈಚೆಗೆ ಫೋನಿನಲ್ಲಿ ಹುಡುಕಿದೆ. ಲೋಕದಲ್ಲಿ ಎಷ್ಟೊಂದು ಜನ ಹಿಲ್ಡಾಗಳಿದ್ದಾರೆ! ಹೆಚ್ಚಿನವರು ಕೇಕಿನ ಎದುರು ನಿಂತಿದ್ದಾರೆ. ಒಬ್ಬೊಬ್ಬರ ಫೋಟೋವನ್ನೂ ದೊಡ್ಡದು ಮಾಡಿ ನೋಡುತ್ತೇನೆ. ಮುಖವನ್ನಲ್ಲ, ಇಪ್ಪತ್ತನಾಲ್ಕು ವರ್ಷದಲ್ಲಿ ಮುಖ ಏನೇನೋ ಆಗಿರುತ್ತದೆ. ಕೈಗಳನ್ನು.

ಇಷ್ಟೆಲ್ಲ ನೆನಪು ಈ ಬುಧವಾರ ನನ್ನ ಜೊತೆ ಅಡುಗೆಮನೆ, ಕಣ, ಗೋದಾಮು ಎಂದು ಸುತ್ತುತ್ತಲೇ ಇತ್ತು. ಮಧ್ಯಾಹ್ನ ಕಣದಲ್ಲಿ ಕಾಫಿ ಮಗುಚುವಾಗ ಅತ್ತೆಯ ಕಡೆ ಕಣ್ಣು ಹೋಯಿತು. ಅವರು ತಟ್ಟೆಯಿಂದ ವೀಳ್ಯದೆಲೆ ತೆಗೆದು, ಇನ್ನೂ ಮೊದಲಿನಷ್ಟು ಗಟ್ಟಿಯಾಗದ ಹೆಬ್ಬೆರಳಿನ ಉಗುರಿನಿಂದ ತೊಟ್ಟನ್ನು ಚಿವುಟಲು ಹೋಗಿ, ಆಗದೆ, ಬಾಯಿಗೆ ಕೊಟ್ಟು ಹಲ್ಲಿನಿಂದ ಕಚ್ಚಿ ತುಂಡು ಮಾಡಿದರು. ಹಿಂಭಾಗದ ನಾರನ್ನೂ ಹಲ್ಲಿನಿಂದಲೇ ಎಳೆದರು. ಅವರಿಗಿರುವುದು ಏಳೇ ಹಲ್ಲು. ನಮ್ಮ ಅತ್ತೆ ಎಲೆ ಸಿದ್ಧ ಮಾಡುವ ಚೆಂದವನ್ನು ನಾನು ಇಪ್ಪತ್ತು ವರ್ಷ ನೋಡಿದ್ದೇನೆ. ಎಡಗೈ ಹೆಬ್ಬೆರಳಿನ ಉಗುರಿನಿಂದ ತೊಟ್ಟು ಟಿಕ್ ಎಂದು ಹಾರುತ್ತಿತ್ತು, ನಾರು ಒಂದೇ ಎಳೆಗೆ ಬರುತ್ತಿತ್ತು.

ಎರಡು ತಿಂಗಳ ಹಿಂದೆ ಅವರಿಗೆ ಜ್ವರ ಬಂದು ಮಲಗಿದ್ದಾಗ ನಾನು ಹತ್ತೂ ಬೆರಳಿನ ಉಗುರು ತೆಗೆದಿದ್ದೆ. ಒಂದನ್ನೂ ಬಿಡದೆ, ನೀಟಾಗಿ. ಅದೇ ನೇಲ್ ಕಟರಿನಿಂದ.

ಇಪ್ಪತ್ತನಾಲ್ಕು ವರ್ಷ ನಾನು ಹಿಲ್ಡಾಳನ್ನು ನೆನೆಸಿಕೊಂಡು ಕೊರಗಿದ್ದೇನೆ, ಅವಳ ವಸ್ತುವನ್ನು ಸೊಂಟದಿಂದ ಇಳಿಸದೆ ಕಾಪಾಡಿದ್ದೇನೆ. ಅವಳು ಕಲಿಸಿದ್ದು ಒಂದೇ ಒಂದು ಮಾತು. ಅದನ್ನು ಮರೆತಿದ್ದೆ.

ಸಂಜೆ ಕೊಯ್ಲಿನವರು ಹೋದ ಮೇಲೆ, ದೀಪ ಹಚ್ಚಲು ಇನ್ನೂ ಹೊತ್ತಿರುವಾಗ, ಜಗಲಿಯಲ್ಲಿ ಅತ್ತೆಯ ಕಾಲ ಬಳಿ ಮಣೆ ಹಾಕಿ ಕೂತೆ. ಟವೆಲು ಹಾಸಿದೆ.

"ಬುಧವಾರ ಅಂದ್ನಲ್ಲ" ಎಂದರು.

"ಗೊತ್ತು ಅತ್ತೆ. ಯಾವುದನ್ನ ಬಿಡ್ಲಿ?"

ಅತ್ತೆ ನನ್ನನ್ನೇ ನೋಡಿದರು. ಗಂಡ ಹುಟ್ಟಿದ ವಾರ, ಮಾವ ತೀರಿಕೊಂಡ ವಾರ ಎಲ್ಲ ಎಲ್ಲಿ ಹೋದವೋ, ನಡುಗುವ ಎಡಗೈ ಮೆಲ್ಲಗೆ ಟವೆಲಿನ ಮೇಲೆ ಬಂತು. ಹೆಬ್ಬೆರಳನ್ನು ಮಾತ್ರ ಮಡಚಿ, ಉಳಿದ ನಾಲ್ಕು ಬೆರಳು ಚಾಚಿದ್ದರು.

"ಇದೊಂದು ಬಿಡು. ಹೋದ ಸಲ ತೆಗೆದುಬಿಟ್ಟೆ. ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ."

ನನಗೆ ಕಣ್ಣು ಮಂಜಾಗಿ ಕಿರುಬೆರಳು ಯಾವುದು, ಉಂಗುರಬೆರಳು ಯಾವುದು ತಿಳಿಯಲಿಲ್ಲ. ತಲೆಯೆತ್ತದೆ ಒಂದೊಂದೇ ಉಗುರು ತೆಗೆಯತೊಡಗಿದೆ. ಅಷ್ಟರಲ್ಲಿ ಜಯಕ್ಕ ಲೋಟ ಹಿಡಿದು ಹೆಪ್ಪಿಗೆ ಮೊಸರು ಕೇಳಲು ಬಂದವರು, ಜಗಲಿಯ ಕಟ್ಟೆಯ ಮೇಲೆ ಕೂತು ನನ್ನ ಕೆಲಸ ನೋಡಿದರು. ನಾನು ಎಡಗೈ ಮುಗಿಸಿ, ಅತ್ತೆಯ ಬಲಗೈ ಹಿಡಿದು, "ಇದ್ರಲ್ಲಿ ಯಾವುದನ್ನ ಬಿಡ್ಲಿ?" ಎಂದೆ.

"ಇದೊಳ್ಳೆ ಕತೆ! ನೀವೂ ಹಂಗೇ ಕೇಳ್ತೀರಲ್ಲ, ಯಾವುದನ್ನ ಬಿಡ್ಲಿ ಅಂತ. ಉಗುರು ತೆಗೆಯೋರು ಯಾರಾದ್ರೂ ಹಂಗೆ ಕೇಳ್ತಾರಾ ಅಂತ ನಾನು ಆಸ್ಪತ್ರೇಲಿ ನಕ್ಕಿದ್ದೆ."

ನನ್ನ ಕೈ ನಿಂತಿತು. "ಆಸ್ಪತ್ರೇಲಿ ಯಾರು ಕೇಳಿದ್ರು ಜಯಕ್ಕ?"

"ಯಾರೋ ಕಾಲೇಜು ಹುಡುಗೀರು. ಕುತ್ತಿಗೇಲಿ ಶಿಲುಬೆ ಹಾಕ್ಕೊಂಡಿದ್ರು. ನಮ್ಮ ಮಿಸ್ಸು ಹಿಂಗೇ ಕೇಳ್ಬೇಕು ಅಂತ ಹೇಳಿಕೊಟ್ಟಿದಾರೆ ಆಂಟಿ ಅಂದ್ರು."

"ಯಾವ ಮಿಸ್ಸು? ಹೆಸರೇನಂತೆ?"

"ಅಯ್ಯೋ, ಕೈ ಮುರ್ಕೊಂಡು ಮಲಗಿರೋಳು ಅವರ ಮಿಸ್ಸಿನ ಹೆಸರು ಕೇಳ್ಕೊಂಡು ಕೂರ್ಲಾ? ಭಾನುವಾರ ಭಾನುವಾರ ಬರ್ತಾರಂತೆ. ನೀವು ಆ ಕಡೆ ಹೋಗೋದಾದ್ರೆ ನನ್ನನ್ನೂ ಕರೀರಿ ಮಾರಾಯ್ರೆ, ಅವತ್ತು ಎಡಗೈದು ಮಾತ್ರ ಆಯ್ತು, ಬಲಗೈದು ಹಂಗೇ ಇದೆ."